ಎರಡು ಸೀಸೆ, ಒಂದೇ ಸಂಖ್ಯೆ

ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ನನ್ನ ಮೇಜಿನ ಮೇಲೆ ಹನ್ನೆರಡು ಸೀಸೆಗಳಿದ್ದವು. ರಿಜಿಸ್ಟರಿನಲ್ಲಿ ಹನ್ನೊಂದು ಹೆಸರುಗಳಿದ್ದವು. ಎರಡು ಸಲ ಎಣಿಸಿದೆ. ಮೂರನೆಯ ಸಲ ಎಣಿಸುವ ಮೊದಲೇ ಎಲ್ಲಿ ಎಡವಿದ್ದೇವೆ ಎಂಬ ಅಂದಾಜು ಸಿಕ್ಕಿತು.

ಎಂಬತ್ತರ ದಶಕದ ಆರಂಭದ ವರ್ಷಗಳು ಅವು. ಮಂಗನ ಕಾಯಿಲೆಯ ಮೇಲೆ ಕಣ್ಣಿಡಲು ಸಾಗರದಲ್ಲಿ ಎರಡು ಕೋಣೆಯ ಒಂದು ಘಟಕವಿತ್ತು. ನಾನು ಅಲ್ಲಿ ಲ್ಯಾಬ್ ಟೆಕ್ನಿಷಿಯನ್. ಚಳಿ ಇಳಿದು ಕಾಡು ಒಣಗತೊಡಗಿದ ಮೇಲೆ ಮಂಗಗಳು ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗು, ಕೊಟ್ಟಿಗೆಗೆ ಹಾಸುವ ದರಕು, ಅಂದರೆ ಒಣ ಎಲೆ, ಗುಡಿಸುವುದಕ್ಕೋ ಸೌದೆ ತರುವುದಕ್ಕೋ ಕಾಡಿಗೆ ಹೋದವರ ಕಾಲಿಗೆ ಹತ್ತಿ ಕಚ್ಚುತ್ತದೆ. ವಾರದೊಳಗೆ ಜ್ವರ, ಸೊಂಟ ಮುರಿಯುವಂಥ ನೋವು, ಕೆಂಡದಂಥ ಕಣ್ಣು, ಕೆಲವರಿಗೆ ಮೂಗಿನಲ್ಲೂ ವಸಡಿನಲ್ಲೂ ರಕ್ತ. ಇದಕ್ಕೆಂದೇ ಔಷಧವಿರಲಿಲ್ಲ. ಲಸಿಕೆ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ನಮ್ಮ ಕೈಲಾಗುತ್ತಿದ್ದದ್ದು ಇಷ್ಟೇ: ಕಾಯಿಲೆ ಯಾವ ಊರಿಗೆ ಕಾಲಿಟ್ಟಿದೆ ಎಂದು ಬೇಗ ಪತ್ತೆ ಹಚ್ಚುವುದು, ಆ ಊರಿನ ಕಾಡಂಚಿಗೆ ಉಣುಗು ಸಾಯುವ ಪುಡಿ ಹೊಡೆಸುವುದು, ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆಯ ಬಾಟಲಿ ಹಂಚುವುದು, ಕಾಡಿಗೆ ಹೋಗಬೇಡಿ ಎಂದು ಮನೆಮನೆಗೆ ಹೇಳುವುದು. ಊರು ಯಾವುದು ಎಂಬುದೊಂದು ತಪ್ಪಿದರೆ ಉಳಿದದ್ದೆಲ್ಲ ದಂಡ.

ರಕ್ತ ತೆಗೆಯುತ್ತಿದ್ದವರು ಬೇರೆಯವರು. ಹೊಸನಗರದ ಕಡೆ ಒಬ್ಬ ನರ್ಸ್ ಇದ್ದರು, ತೀರ್ಥಹಳ್ಳಿಯ ಕಡೆ ಒಬ್ಬ ಹೆಲ್ತ್ ಇನ್‌ಸ್ಪೆಕ್ಟರು. ಜ್ವರದವರ ಮನೆಗೆ ಹೋಗಿ ರಕ್ತ ತೆಗೆದು, ಅದು ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ಹಳದಿ ನೀರನ್ನು, ಅಂದರೆ ಸೀರಮ್ಮನ್ನು, ಬೆರಳುದ್ದದ ಗಾಜಿನ ಸೀಸೆಗೆ ಬಸಿದು, ಐಸಿನಲ್ಲಿಟ್ಟು ನಮಗೆ ಕಳಿಸುತ್ತಿದ್ದರು. ಇಬ್ಬರ ಬಳಿಯೂ ಅವರವರ ನೋಟ್‌ಬುಕ್ಕು. ಇಬ್ಬರೂ ವರ್ಷದ ಮೊದಲಲ್ಲಿ ಒಂದರಿಂದ ಸಂಖ್ಯೆ ಹಾಕಿಕೊಂಡು ಬರುತ್ತಿದ್ದರು. ಸೀಸೆಗೆ ಅಂಟಿಸಿದ ಪ್ಲಾಸ್ಟರಿನ ಮೇಲೆ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆಯುವುದು ಹಳೆಯ ರೂಢಿ. ಎರಡು ಊರಿನ ಸೀಸೆಗಳು ಬೆರೆತುಹೋಗಬಾರದೆಂದು ಸಂಖ್ಯೆಯ ಹಿಂದೆ ‘ಹೊ’ ಅಥವಾ ‘ತೀ’ ಎಂದು ಬರೆಯಿರಿ ಎಂದು ನಾನೇ ಹೇಳಿದ್ದೆ. ಆ ಅಕ್ಷರವನ್ನು ಇಬ್ಬರೂ ಇಂಕ್ ಪೆನ್ನಿನಲ್ಲಿ ಬರೆದರು.

ಸಾಗರಕ್ಕೆ ಬಂದ ಮೇಲೆ ನನ್ನ ಕೆಲಸ. ಎರಡೂ ಕಡೆಯ ಪಟ್ಟಿಯನ್ನು ದೊಡ್ಡ ರಿಜಿಸ್ಟರಿಗೆ ಇಳಿಸಿ ಪ್ರತಿ ಹೆಸರಿಗೂ ಹೊಸದೊಂದು ಸಂಖ್ಯೆ ಕೊಡುವುದು, ಹಳೆಯ ಪ್ಲಾಸ್ಟರ್ ಕಿತ್ತು ಹೊಸ ಸಂಖ್ಯೆ ಅಂಟಿಸುವುದು, ಎಲ್ಲವನ್ನೂ ಒಂದೇ ದೊಡ್ಡ ಥರ್ಮಾಸಿಗೆ ತುಂಬಿ, ಮೇಲೆ ಮರದ ಹೊಟ್ಟು ಒತ್ತಿ, ಮಧ್ಯಾಹ್ನ ಎರಡು ಗಂಟೆಯ ಶಿವಮೊಗ್ಗದ ಬಸ್ಸಿಗೆ ಹಾಕುವುದು. ಅಲ್ಲಿಂದ ರೈಲಿನಲ್ಲಿ ದೂರದ ಪ್ರಯೋಗಾಲಯಕ್ಕೆ. ಅಲ್ಲಿಗೆ ಹೋಗುತ್ತಿದ್ದದ್ದು ಸಂಖ್ಯೆ ಮಾತ್ರ, ಹೆಸರಿಲ್ಲ, ಊರಿಲ್ಲ. ಅವರು ಸಂಖ್ಯೆಗೆ ಉತ್ತರ ಬರೆದು ಕಳಿಸುತ್ತಿದ್ದರು. ಆ ಸಂಖ್ಯೆ ಯಾವ ಮನುಷ್ಯನದು ಎಂದು ಹೇಳಲು ಇದ್ದದ್ದು ನನ್ನ ರಿಜಿಸ್ಟರ್ ಒಂದೇ.

ನಾನು ರಜೆಯಲ್ಲಿದ್ದಾಗ ಎರಡೂ ಕಡೆಯ ಸೀಸೆಗಳು ಒಂದೇ ದಿನ ಬಂದಿದ್ದವು. ಅವನ್ನು ತೆಗೆದುಕೊಂಡವರು ನಮ್ಮ ಗುಮಾಸ್ತರು. ಸಂಬಳದ ಬಿಲ್ಲು, ಜೀಪಿನ ಡೀಸೆಲ್ಲಿನ ಲೆಕ್ಕ ನೋಡುತ್ತಿದ್ದ ಸಜ್ಜನ ಮನುಷ್ಯ. ಅಂದು ಕರೆಂಟ್ ಇರಲಿಲ್ಲ. ಐಸ್‌ಕ್ಯಾಂಡಿ ಮಾಡುವವರ ಹತ್ತಿರದಿಂದ ಐಸು ತರಿಸಿ, ಎಲ್ಲ ಸೀಸೆಗಳನ್ನೂ ಒಂದು ಸ್ಟೀಲ್ ಪಾತ್ರೆಗೆ ಹಾಕಿ ಮುಚ್ಚಿಟ್ಟಿದ್ದರು. ಐಸು ಕರಗಿತು. ಪೆನ್ಸಿಲಿನ ಸಂಖ್ಯೆಗಳು ಉಳಿದವು, ಇಂಕಿನ ಅಕ್ಷರಗಳು ನೀಲಿ ನೀರಾಗಿ ಪಾತ್ರೆಯ ತಳದಲ್ಲಿ ನಿಂತವು.

ಹಾಗಿದ್ದರೂ ಹತ್ತು ಸೀಸೆಗಳ ಗುರುತಿಗೆ ತೊಂದರೆಯಾಗಲಿಲ್ಲ. ಹೊಸನಗರದಿಂದ ಬಂದದ್ದು ಒಂಬತ್ತರಿಂದ ಹದಿನಾಲ್ಕು, ತೀರ್ಥಹಳ್ಳಿಯಿಂದ ಬಂದದ್ದು ಹದಿನಾಲ್ಕರಿಂದ ಹತ್ತೊಂಬತ್ತು. ಎರಡರಲ್ಲೂ ಇದ್ದದ್ದು ಹದಿನಾಲ್ಕು ಒಂದೇ. ರಿಜಿಸ್ಟರಿನಲ್ಲಿ ಹೊಸನಗರದ ಹದಿನಾಲ್ಕಕ್ಕೆ ಅರವತ್ತೊಂದು ಎಂಬ ಹೊಸ ಸಂಖ್ಯೆ ಬಿದ್ದಿತ್ತು. ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು. ಆ ಹೆಸರಿನ ಮೇಲೆ ಗೆರೆ ಎಳೆದು, ಅದರ ನೆತ್ತಿಯ ಮೇಲೆ ಮತ್ತೊಂದು ಹೆಸರು ಬರೆದಿತ್ತು: ತೀರ್ಥಹಳ್ಳಿ ಕಡೆಯ ಮೇಳಿಗೆ ದಾಟಿ ಒಳಗೆ ಹೋದರೆ ಸಿಗುವ ಹಳ್ಳಿಯೊಂದರ, ನಲವತ್ತು ದಾಟಿದ ಒಬ್ಬ ರೈತ.

“ಇದೆಂಥ ಮಾಡಿದ್ರಿ?” ಎಂದೆ.

ಗುಮಾಸ್ತರು ಕನ್ನಡಕ ತೆಗೆದು ನೋಡಿದರು. “ಹದ್ನಾಲ್ಕು ಮೊದ್ಲೇ ಬರ್ದಾಗಿತ್ತಲ. ಮತ್ತೊಂದ್ ಹದ್ನಾಲ್ಕು ಬಂತು. ನಾನೇ ಪಟ್ಟಿ ತಪ್ ನೋಡಿ ಬರ್ದಿದೀನಿ ಅಂದ್ಕಂಡು ಹೊಡ್ದ್ ಹಾಕಿ ಸರಿ ಮಾಡ್ದೆ.”

“ಅವರಿಬ್ರೂ ಬೇರೆ ಬೇರೆ.”

ಅವರು ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಹಿಡಿದು ನೋಡಿದರು. ಮುಖ ಸಣ್ಣದಾಯಿತು.

ಹೆಸರು ಸರಿಪಡಿಸುವುದು ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಸೀಸೆಗಳಲ್ಲಿ. ಎರಡರ ಮೇಲೂ ಪೆನ್ಸಿಲಿನಲ್ಲಿ ಹದಿನಾಲ್ಕು. ಎರಡೂ ಒಂದೇ ಕಾರ್ಖಾನೆಯ ಗಾಜು, ಎರಡರಲ್ಲೂ ಅದೇ ತೆಳು ಹಳದಿ. ಯಾವುದು ಹೆಂಗಸಿನದು, ಯಾವುದು ಗಂಡಸಿನದು? ಮತ್ತೆ ರಕ್ತ ತೆಗೆಸೋಣವೆಂದರೆ ಜ್ವರದ ಮೊದಲ ದಿನಗಳಲ್ಲಿ ಮಾತ್ರ ರಕ್ತದಲ್ಲಿ ವೈರಸ್ಸು ಸಿಗುತ್ತದೆ. ಆ ದಿನಗಳು ಕಳೆದುಹೋಗಿದ್ದವು. ಎರಡೂ ಕಡೆಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ತೀರ್ಥಹಳ್ಳಿಯ ಲೈನ್ ಸಿಗಲೇ ಇಲ್ಲ. ಹನ್ನೆರಡೂವರೆಗೆ ಹೊಸನಗರ ಸಿಕ್ಕಿತು. ನರ್ಸ್ ಹಳ್ಳಿಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ ಎಂದರು.

ಒಳಗೆ ಹೋಗಿ ಸಾಹೇಬರಿಗೆ ಹೇಳಿದೆ. ಘಟಕದ ಮುಖ್ಯಸ್ಥರಾಗಿದ್ದ ಅವರು ಮೈಸೂರು ಕಡೆಯ ಡಾಕ್ಟರು. ಕೆಟ್ಟವರೆಂದು ನಾನು ಇವತ್ತಿಗೂ ಹೇಳಲಾರೆ. ಹಿಂದಿನ ವರ್ಷ ನಮ್ಮ ಒಂದು ಡಬ್ಬಿ, ಗುರುತುಗಳು ಸ್ಪಷ್ಟವಿಲ್ಲ ಎಂಬ ಷರಾದೊಂದಿಗೆ ವಾಪಸು ಬಂದು ಅವರು ಮೇಲಿನವರಿಂದ ಮಾತು ಕೇಳಿದ್ದರು. ಅದರ ಉರಿ ಇನ್ನೂ ಆರಿರಲಿಲ್ಲ.

“ಎರಡನ್ನೂ ಅನುಮಾನದವು ಅಂತ ಬರೆದು ಕಳಿಸೋಣ ಸಾರ್,” ಎಂದೆ. “ಎರಡರಲ್ಲಿ ಯಾವುದಕ್ಕೆ ಇದೆ ಅಂತ ಬಂದರೂ ಎರಡೂ ಊರಿಗೆ ಪುಡಿ ಹೊಡೆಸೋಣ.”

“ಒಂದು ಊರಿಗೆ ಸಾಕಾಗುವಷ್ಟು ಪುಡಿ ಇದೆಯೇನಮ್ಮ ನಮ್ಮ ಹತ್ತಿರ? ಅನುಮಾನ ಅಂತ ಒಂದು ಕಡೆ ಬರೆದರೆ ಇಡೀ ಡಬ್ಬಿನೇ ಅನುಮಾನ ಅಂತಾರೆ.” ಅವರು ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡರು. “ಕೊನೆಗೆ ಬರೆದದ್ದು ಊರ್ಜಿತ. ಅರವತ್ತೊಂದು ತೀರ್ಥಹಳ್ಳಿಯದೇ ಇರಲಿ. ಹೊಡೆದುಹಾಕಿದ ಹೆಸರಿಗೆ ಕೊನೆಯಲ್ಲಿ ಅರವತ್ತೇಳು ಕೊಡಿ.”

“ಸೀಸೆ ಯಾವುದು ಯಾರದು ಅಂತ?”

“ಅದು ನಿಮ್ಮ ಕೆಲಸ. ನಿಮ್ಮ ಕೈಯಲ್ಲಿ ದಿನಾ ಓಡಾಡುವ ಸೀಸೆಗಳು. ನೋಡಿ ತೀರ್ಮಾನ ಮಾಡಿ.”

ಹೊರಗೆ ಬಂದು ಎರಡೂ ಸೀಸೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತೆ. ಆಗ ಒಂದು ವ್ಯತ್ಯಾಸ ಕಂಡಿತು. ಒಂದರ ಮುಚ್ಚಳದ ಸುತ್ತ ಪ್ಲಾಸ್ಟರನ್ನು ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಮಡಚಿತ್ತು. ಇನ್ನೊಂದಕ್ಕೆ ಒಂದೇ ಸುತ್ತು. ಎರಡು ಸುತ್ತು ಹಾಕಿ ತುದಿ ಮಡಚುವುದು ತೀರ್ಥಹಳ್ಳಿಯ ಇನ್‌ಸ್ಪೆಕ್ಟರ ಕೈ. ನಾಲ್ಕು ವರ್ಷದಿಂದ ನೋಡಿದ್ದೆ. ಗುರುತು ಸಿಗದ ಈ ಎರಡನ್ನು ಬಿಟ್ಟು ಉಳಿದ ಸೀಸೆಗಳ ಪ್ಲಾಸ್ಟರನ್ನೆಲ್ಲ, ಮುಚ್ಚಳದ್ದನ್ನೂ ಸೇರಿಸಿ, ಗುಮಾಸ್ತರು ಆಗಲೇ ಕಿತ್ತು ಹೊಸ ಸಂಖ್ಯೆ ಅಂಟಿಸಿದ್ದರಿಂದ ಹೋಲಿಸಲು ಏನೂ ಉಳಿದಿರಲಿಲ್ಲ. ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ, ಬಸ್ಸು ಎರಡಕ್ಕೆ. ಎರಡು ಸುತ್ತಿನ ಸೀಸೆಗೆ ಅರವತ್ತೊಂದು ಅಂಟಿಸಿದೆ. ಒಂದು ಸುತ್ತಿನದಕ್ಕೆ ಅರವತ್ತೇಳು. ರಿಜಿಸ್ಟರಿನಲ್ಲಿ ಹೊಡೆದುಹಾಕಿದ ಹೆಂಗಸಿನ ಹೆಸರನ್ನು ಕೊನೆಯಲ್ಲಿ ಹೊಸದಾಗಿ ಬರೆದೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಯ ಚಿಹ್ನೆ ಹಾಕಿಡಬಹುದಿತ್ತು. ಸಾಹೇಬರು ನೋಡಿದರೆ ಏನೆಂದಾರು ಎಂದು ಅದನ್ನೂ ಹಾಕಲಿಲ್ಲ. ಥರ್ಮಾಸು ಹೊತ್ತ ಬಸ್ಸು ಆನಂದಪುರದ ದಿಕ್ಕಿಗೆ ಹೋದ ಮೇಲೆ ಊಟ ಮಾಡಿದೆ.

ಸಂಜೆ ನರ್ಸ್ ಸಿಕ್ಕಿರುತ್ತಿದ್ದರು. ನಾನು ಮತ್ತೆ ಕಾಲ್ ಬುಕ್ ಮಾಡಲಿಲ್ಲ. ತೀರ್ಮಾನವಾಗಿ ಹೋದದ್ದನ್ನು ಕೆದಕುವುದು ಬೇಡವೆನಿಸಿತ್ತು ಎಂದು ಈಗ ಹೇಳಬಹುದು. ನಿಜವೆಂದರೆ, ಅವರು ಬೇರೇನಾದರೂ ಹೇಳಿಬಿಟ್ಟಾರು ಎಂಬ ಹೆದರಿಕೆ.

ಮೂರು ವಾರಕ್ಕೆ ಉತ್ತರ ಬಂತು. ಅರವತ್ತೊಂದರಲ್ಲಿ ಮಂಗನ ಕಾಯಿಲೆ ಇದೆ. ಉಳಿದ ಯಾವುದರಲ್ಲೂ ಇಲ್ಲ.

ಮರುದಿನವೇ ಜೀಪಿನಲ್ಲಿ ಪುಡಿಯ ಚೀಲ, ಎಣ್ಣೆಯ ಪೆಟ್ಟಿಗೆ ಹೇರಿಕೊಂಡು ಮೇಳಿಗೆ ಕಡೆಗೆ ಹೋದೆವು. ಆ ರೈತ ಮನೆಯಲ್ಲಿರಲಿಲ್ಲ. ಗದ್ದೆಯ ಬದುವಿನಲ್ಲಿ ಬೇಲಿ ಕಟ್ಟುತ್ತಿದ್ದ. ನಾವು ವಿಷಯ ಹೇಳಿದಾಗ ಕತ್ತಿ ಕೆಳಗಿಟ್ಟು ನಕ್ಕ.

“ನಂಗಾ? ಮೂರ್ ದಿನ ಮಲಗಿದ್ದೆ ಅಷ್ಟೆ. ನಾಲ್ಕನೇ ದಿನ ಗೊಬ್ಬರ ಹೊತ್ತೀನಿ.”

“ಕಣ್ಣು ಕೆಂಪಾಗಿತ್ತಾ? ಮೂಗಲ್ಲಿ ರಕ್ತ?”

“ಎಂಥದೂ ಇಲ್ಲ. ನೆಗಡಿ ಆಗಿತ್ತು. ಈ ವರ್ಷ ನಮ್ ಕಡೆ ಮಂಗ ಸತ್ತಿದ್ದು ಯಾರೂ ಕಂಡಿಲ್ಲ ಮೇಡಂ. ಬೇಕಾರೆ ಕೇಳಿ.”

ಕೇಳಿದೆವು. ಯಾರೂ ಕಂಡಿರಲಿಲ್ಲ. ಕೆಲವರಿಗೆ ಕಾಯಿಲೆ ಹಗುರವಾಗಿ ಬಂದು ಹೋಗುತ್ತದೆ ಎಂದು ಜೊತೆಗೆ ಬಂದಿದ್ದ ಇನ್‌ಸ್ಪೆಕ್ಟರು ಹೇಳಿದರು. ಅದು ಸುಳ್ಳೂ ಅಲ್ಲ. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕಾಡಂಚಿಗೆಲ್ಲ ಪುಡಿ ಹೊಡೆಸಿ, ಮನೆಗೊಂದು ಎಣ್ಣೆ ಬಾಟಲಿ ಕೊಟ್ಟು, ಮಳೆ ಬೀಳುವವರೆಗೆ ಯಾರೂ ಕಾಡಿಗೆ ಕಾಲಿಡಕೂಡದು ಎಂದು ಹೇಳಿ ಬಂದೆವು. ಹೊಸನಗರದ ನರ್ಸಿಗೆ ಕಾರ್ಡು ಬರೆದೆ: ನಿಮ್ಮ ಆರು ಜನರಿಗೂ ಮಾಮೂಲಿ ಜ್ವರ, ಹಳ್ಳಿಯವರಿಗೆ ತಿಳಿಸಿ, ಹೆದರಬೇಕಾಗಿಲ್ಲ.

ಹೆದರಬೇಕಾಗಿಲ್ಲ ಎಂದು ಬರೆಯಲು ಯಾರೂ ನನಗೆ ಹೇಳಿರಲಿಲ್ಲ. ಅದು ನಾನೇ ಸೇರಿಸಿದ ಮಾತು.

ಇದಾಗಿ ಎರಡು ವಾರಕ್ಕೆ ನರ್ಸ್ ತಾವೇ ಸಾಗರಕ್ಕೆ ಬಂದರು. ಬೇರೆ ಯಾವುದೋ ಕೆಲಸಕ್ಕೆ ಬಂದವರು ಮೂರು ಸೀಸೆಗಳನ್ನು ಕೈಯಲ್ಲೇ ತಂದಿದ್ದರು. ಐವತ್ತರ ಹತ್ತಿರದ, ಮಾತು ಕಡಿಮೆಯ ಹೆಂಗಸು. ಸೀಸೆಗಳನ್ನು ಮೇಜಿನ ಮೇಲಿಟ್ಟು ನೀರು ಕೇಳಿದರು. ಲೋಟ ಕೊಡಲು ಎದ್ದವಳು ಹಾಗೆಯೇ ನಿಂತೆ. ಮೂರಕ್ಕೂ ಪ್ಲಾಸ್ಟರು ಎರಡು ಸುತ್ತು. ತುದಿ ಒಳಗೆ ಮಡಚಿತ್ತು.

“ಇದು ಯಾವಾಗಿಂದ ಹೀಗೆ ಸುತ್ತೋದು ನೀವು?”

“ಓ ಅದಾ. ನೀವ್ ರಜೆಗೆ ಹೋದ್ ಮೇಲೆ ಮೀಟಿಂಗ್ ಆಯ್ತಲ, ಅವತ್ತು ತೀರ್ಥಹಳ್ಳಿಯವ್ರು ಹೇಳ್ಕೊಟ್ರು. ಹಿಂಗ್ ಮಾಡಿದ್ರೆ ಸೋರಲ್ಲ ಅಂದ್ರು. ಅವ್ರ ಹತ್ರನೇ ಪ್ಲಾಸ್ಟರ್ ಮುಗ್ದು ಹೋಗಿ ಆಗ್ಲೇ ಒಂದೇ ಸುತ್ತು ಹಾಕ್ತಿದ್ರಂತೆ, ನಗಾಡಿದ್ರು.”

ನೀರಿನ ಲೋಟ ಅವರ ಕೈಗಿಟ್ಟೆ. ಆ ಹದಿನಾಲ್ಕನೆಯ ಹೆಂಗಸು ಹೇಗಿದ್ದಾಳೆ ಎಂದು ಕೇಳಿದೆ.

“ಅವ್ಳು ಎದ್ದಳು ಪುಣ್ಯಕ್ಕೆ. ಭಾರಿ ಸೋತಿದಾಳೆ. ಆಗ ಮೂಗಲ್ಲಿ ರಕ್ತ ಬಂದಿತ್ತು, ಕಣ್ಣು ಹಂಗೇ ಕೆಂಡ. ಅವ್ರ ಮನೆ ಹಿಂದೆ ಹಳ್ಳದ ಹತ್ರ ಮುಸ್ಯ ಮಂಗ ಬೇರೆ ಸತ್ತಿತ್ತು. ನಂಗೆ ಅದೇ ಕಾಯ್ಲೆ ಅನ್ನಿಸ್ತು. ನೀವು ಇಲ್ಲ ಅಂತ ಕಾರ್ಡ್ ಬರೆದ್ರಿ, ಆಮೇಲೆ ಸುಮ್ಮನಾದೆ.” ನೀರು ಕುಡಿದು ಲೋಟ ಇಟ್ಟರು. “ಈಗ ಅವ್ಳ ಗಂಡ ಮಲಗಿದಾನೆ ಅಂತ ಸುದ್ದಿ. ನಿನ್ನೆ ಹೋಗಕ್ಕಾಗ್ಲಿಲ್ಲ. ನಾಳೆ ಹೋಗ್ತೀನಿ.”

ಅವರಿಗೆ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು ಅವರು ಒಂದೇ ಮಾತು ಆಡಿದರು: “ಸಂಜೆ ನಾನು ಮನೇಲೇ ಇದ್ದೆ ಅವತ್ತು.”

ಸಾಹೇಬರು ಮೀಟಿಂಗಿಗೆ ಶಿವಮೊಗ್ಗಕ್ಕೆ ಹೋಗಿದ್ದರು. ಬರುವುದು ಎರಡು ದಿನದ ಮೇಲೆ. ಪುಡಿಯ ಕೋಣೆಯ ಬೀಗದ ಕೈ ಅವರಲ್ಲಿತ್ತು, ಜೀಪು ಅವರೊಂದಿಗಿತ್ತು. ಆ ಎರಡು ದಿನ ನಾನು ಕಾದೆ. ಬಸ್ಸಿತ್ತು, ಕಾಲಿತ್ತು, ನನ್ನ ಕಪಾಟಿನಲ್ಲೇ ಎಂಟು ಬಾಟಲಿ ಎಣ್ಣೆ ಇತ್ತು, ಬಾಯಿಯಂತೂ ಇತ್ತು. ಆದರೂ ಅಪ್ಪಣೆಗೆ ಕಾದೆ. ಅಪ್ಪಣೆಯಿಲ್ಲದೆ ಹೋಗಬಹುದೆಂಬುದು ಆಗ ತಲೆಗೇ ಹೊಳೆಯಲಿಲ್ಲ ಎಂದರೆ ನಂಬುವವರು ನಂಬಬಹುದು.

ಮೂರನೆಯ ಬೆಳಿಗ್ಗೆ ಬಂದ ಸಾಹೇಬರು ನಾನು ಹೇಳಿದ್ದನ್ನು ನಿಂತುಕೊಂಡೇ ಕೇಳಿಸಿಕೊಂಡರು.

“ಪ್ಲಾಸ್ಟರಿನ ಸುತ್ತು ನೋಡಿ ಅವತ್ತು ತೀರ್ಮಾನ ಮಾಡಿದಿರಿ. ಇವತ್ತು ಮತ್ತೆ ಪ್ಲಾಸ್ಟರಿನ ಸುತ್ತು ನೋಡಿ ಅದು ತಪ್ಪು ಅಂತೀರಿ. ಇದರ ಮೇಲೆ ನಾನು ವರದಿ ತಿದ್ದಬೇಕಾ?”

“ಇಬ್ಬರದೂ ಎರಡನೇ ಸಲ ರಕ್ತ ತೆಗೆದು ಕಳಿಸೋಣ ಸಾರ್. ಕಾಯಿಲೆ ಬಂದು ಹೋದವರ ರಕ್ತದಲ್ಲಿ ಅದರ ಗುರುತು ಉಳಿದಿರುತ್ತಲ್ಲ. ಯಾರಿಗೆ ಬಂದಿತ್ತು ಅಂತ ಖಚಿತವಾಗುತ್ತೆ.”

“ಕಳಿಸಿ. ಬೇಡ ಅಂದವರಾರು? ಅದರ ಉತ್ತರ ಬರಲಿ, ಆಮೇಲೆ ನೋಡೋಣ.”

“ಅಲ್ಲಿವರೆಗೆ ಆ ಊರಿಗೆ ಪುಡಿ?”

“ಆ ಊರಿನಲ್ಲಿ ಕಾಯಿಲೆ ಇಲ್ಲ ಅಂತ ನನ್ನ ಸಹಿ ಹೋಗಿದೆ. ಕಾಯಿಲೆ ಇಲ್ಲದ ಊರಿಗೆ ಪುಡಿ ಹೊಡೆಸಿದೆ ಅಂತ ಹೇಗೆ ಬರೀಲಿ?”

ನಾನು ನನ್ನ ಮೇಜಿಗೆ ಬಂದು ರಜೆಯ ಅರ್ಜಿ ಬರೆದು ಗುಮಾಸ್ತರ ಕೈಗೆ ಕೊಟ್ಟೆ. ಎಂಟು ಬಾಟಲಿ ಎಣ್ಣೆ, ಸಿರಿಂಜು, ಸೀಸೆಗಳನ್ನು ಒಂದು ಚೀಲಕ್ಕೆ ತುಂಬಿದೆ. ಗುಮಾಸ್ತರು ಅರ್ಜಿ ಓದಲಿಲ್ಲ. ಚೀಲ ನೋಡಿದರು. “ಸ್ಟಾಕಿನಿಂದ ತಗಂಡಿದ್ದು ಅಂತ ನಾನ್ ಬರಿಯದಿಲ್ಲ,” ಎಂದರು. “ಹೋಗಿ ಬನ್ನಿ.”

ಬಟ್ಟೆಮಲ್ಲಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಹೊಸನಗರಕ್ಕೆ, ಅಲ್ಲಿಂದ ನರ್ಸ್ ಜೊತೆಗೆ ಇನ್ನೊಂದು ಬಸ್ಸು, ಆಮೇಲೆ ಒಂದು ಗಂಟೆಯ ನಡಿಗೆ. ದಾರಿಯಲ್ಲಿ ದರಕಿನ ಹೆಡಿಗೆ ಹೊತ್ತ ಮೂವರು ಹೆಂಗಸರು ಎದುರಾದರು. ನರ್ಸ್ ಅವರನ್ನು ನಿಲ್ಲಿಸಿ, ಕಾಲು ತೋರಿಸಿ ಎಂದರು. ಒಬ್ಬಳ ಮೊಣಕಾಲಿನ ಹಿಂದೆ ಎಳ್ಳಿನ ಕಾಳಿನಷ್ಟು ಸಣ್ಣ ಉಣುಗು ಎರಡು ಕಚ್ಚಿಕೊಂಡಿದ್ದವು. ಇನ್ನು ಕಾಡಿಗೆ ಹೋಗಬೇಡಿ ಎಂದೆವು.

“ಹೆದ್ರದೇನ್ ಬ್ಯಾಡ ಅಂತ ಅವತ್ತು ನೀವೇ ಹೇಳಿದ್ರಲ?” ಎಂದು ಒಬ್ಬಳು ನರ್ಸನ್ನು ಕೇಳಿದಳು. ನರ್ಸ್ ನನ್ನ ಕಡೆ ನೋಡಲಿಲ್ಲ. “ನಾನು ತಪ್ಪು ಹೇಳಿದ್ದೆ,” ಎಂದರು.

ಆ ಮನೆ ತಲುಪಿದಾಗ ಅಂಗಳದಲ್ಲಿ ಜನ ಕೂತಿದ್ದರು. ಗಂಡ ಹಿಂದಿನ ದಿನ ತೀರಿಕೊಂಡಿದ್ದ. ನರ್ಸ್ ಅದರ ಹಿಂದಿನ ದಿನ ಬಂದು ನೋಡಿ, ಹೊಸನಗರದ ಆಸ್ಪತ್ರೆಗೆ ಸಾಗಿಸಲು ಗಾಡಿ ಹುಡುಕಿಸಿದ್ದರು. ಗಾಡಿ ಸಿಗುವ ಹೊತ್ತಿಗೆ ಅವನಿಗೆ ಎಚ್ಚರ ತಪ್ಪಿತ್ತು. ಆ ಗಡಿಬಿಡಿಯಲ್ಲಿ ರಕ್ತ ತೆಗೆದಿರಲಿಲ್ಲ, ಊರಿಗೆ ಎಚ್ಚರ ಹೇಳಲೂ ಆಗಿರಲಿಲ್ಲ. ನಾವು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ಹೆಂಡತಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ರಿಜಿಸ್ಟರಿನಲ್ಲಿ ನಾನು ಎರಡು ಸಲ ನೋಡಿದ್ದ ಹೆಸರಿನ ಹೆಂಗಸು ಇವಳು. ಅಂಥ ದಿನ ಅವಳ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆದೆ. ತೋಳು ಚಾಚಿ ಬೇರೆ ಕಡೆ ನೋಡಿದಳು. ಸತ್ಯ ಹೇಳಲು ಬಾಯಿ ತೆರೆದೆ. ಅಂಗಳದ ತುಂಬ ಜನ. ಎಣ್ಣೆಯ ಬಾಟಲಿಗಳನ್ನು ಎಂಟು ಮನೆಗೆ ಹಂಚಿ, ಉಳಿದ ಮನೆಗಳಿಗೆ ಬರಿಯ ಮಾತು ಹೇಳಿ ಬಂದೆವು.

ಎರಡು ದಿನ ಬಿಟ್ಟು ಮೇಳಿಗೆ ಕಡೆಗೂ ಹೋದೆ. ಆ ರೈತ ಈ ಸಲ ನಗಲಿಲ್ಲ.

“ದರಕಿಲ್ಲದೆ ಕೊಟ್ಟಿಗೆ ಕೆಸರಾಗಿದೆ. ಸೌದೆ ಕೊಂಡು ತರೋ ಹಂಗಾಗಿದೆ. ನಮ್ಮೂರಿಂದ ಬಂದ್ರೆ ಪೇಟೆ ಹೋಟ್ಲಲ್ಲಿ ದೂರ ಕೂರಿ ಅಂತಾರೆ. ನಂಗೆ ಕಾಯ್ಲೆ ಇಲ್ಲ ಅಂದ್ರೂ ನೀವ್ ಕೇಳಲ್ಲ,” ಎಂದ. ಆದರೂ ರಕ್ತ ಕೊಟ್ಟ.

ಈ ಸಲ ಸೀಸೆಗಳ ಗಾಜಿನ ಮೇಲೆಯೇ ವಜ್ರದ ಮೊನೆಯ ಪೆನ್ಸಿಲಿನಿಂದ ಗೀಚಿ ಗುರುತು ಮಾಡಿದೆ. ಉತ್ತರ ಬರಲು ಒಂದು ತಿಂಗಳಾಯಿತು. ಹೊಸನಗರದ ಹೆಂಗಸಿನ ರಕ್ತದಲ್ಲಿ ಕಾಯಿಲೆಯ ಗುರುತು ಢಾಳಾಗಿದೆ. ತೀರ್ಥಹಳ್ಳಿಯ ಗಂಡಸಿನ ರಕ್ತದಲ್ಲಿ ಇಲ್ಲವೇ ಇಲ್ಲ. ಅಷ್ಟರೊಳಗೆ ಹೊಸನಗರದ ಆ ಹಳ್ಳಿಯಲ್ಲಿ ಇನ್ನಿಬ್ಬರು ಮಲಗಿದ್ದರು. ದಾರಿಯಲ್ಲಿ ನಾವು ಕಾಲು ನೋಡಿದ್ದ ಹೆಂಗಸು ಅವರಲ್ಲಿ ಒಬ್ಬಳು. ಅವಳು ಬದುಕಿದಳು. ಇನ್ನೊಬ್ಬ ಮುದುಕ ಬದುಕಲಿಲ್ಲ. ಕೊನೆಗೂ ಪುಡಿ ಹೋಯಿತು. ಅದು ಹೋದ ವಾರವೇ ಮೊದಲ ಮಳೆ ಬಿದ್ದು ಕೊಚ್ಚಿಹೋಯಿತು.

ನಾನು ರಿಜಿಸ್ಟರ್ ತೆಗೆದು ಅರವತ್ತೊಂದು ಮತ್ತು ಅರವತ್ತೇಳರ ಹೆಸರುಗಳನ್ನು ಕೆಂಪು ಶಾಯಿಯಲ್ಲಿ ಅದಲು ಬದಲು ಮಾಡಿದೆ. ಷರಾ ಎಂಬ ಜಾಗದಲ್ಲಿ, ಸೀಸೆಗಳನ್ನು ಗುರುತಿಸುವಲ್ಲಿ ನನ್ನಿಂದ ತಪ್ಪಾಗಿದೆ, ಎರಡನೆಯ ರಕ್ತಪರೀಕ್ಷೆಯಿಂದ ಖಚಿತವಾಗಿದೆ ಎಂದು ಬರೆದು ಸಹಿ ಹಾಕಿದೆ. ಸಾಹೇಬರು ಆ ಪುಟವನ್ನು ಓದಿದರು.

“ಇಷ್ಟೆಲ್ಲ ಬರೀಬೇಕಿತ್ತಾ?” ಎಂದರು. ಸಿಟ್ಟಿನಿಂದಲ್ಲ. ಹೆಚ್ಚುಕಡಿಮೆ ನೋವಿನಿಂದಲೇ ಕೇಳಿದರು. “ವರ್ಷ ಮುಗಿದ ಮೇಲೆ ಹೊಸ ರಿಜಿಸ್ಟರ್ ಬರೆಸ್ತೀವಿ. ಅಲ್ಲಿ ಸರಿಯಾಗಿ ಬರೆದಿದ್ದರೆ ಆಗ್ತಿತ್ತು.”

ಹೊಸ ರಿಜಿಸ್ಟರನ್ನು ಬರೆದವಳು ನಾನಲ್ಲ. ಮಳೆಗಾಲ ಮುಗಿಯುವ ಮೊದಲೇ ನನ್ನನ್ನು ತೀರ್ಥಹಳ್ಳಿಯ ಒಂದು ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಗೆ ಹಾಕಿದರು. ಶಿಕ್ಷೆ ಎಂದು ಯಾರೂ ಹೇಳಲಿಲ್ಲ. ಕೆಲಸದ ಅನುಕೂಲಕ್ಕಾಗಿ ಎಂದು ಆದೇಶದಲ್ಲಿತ್ತು. ಹೊಸದಾಗಿ ಬರೆದ ಪುಸ್ತಕದಲ್ಲಿ ಕೆಂಪು ಶಾಯಿ ಎಲ್ಲೂ ಇಲ್ಲವೆಂದೂ ಎರಡು ಹೆಸರುಗಳೂ ತಮ್ಮ ತಮ್ಮ ಜಾಗದಲ್ಲಿ ಚೊಕ್ಕವಾಗಿ ಇವೆಯೆಂದೂ ಗುಮಾಸ್ತರು ಆಮೇಲೆ ಕಾರ್ಡು ಬರೆದರು. ಹಳೆಯದನ್ನು ಎಲ್ಲಿಟ್ಟರೋ ತಮಗೆ ಗೊತ್ತಾಗಲಿಲ್ಲ ಎಂದೂ ಬರೆದಿದ್ದರು.

ಸಾಗರ ಬಿಡುವ ಮುಂಚೆ ಒಂದು ಕೆಲಸ ಮಾಡಿದೆ. ನರ್ಸ್ ಹೇಳಿ ಕಳಿಸಿದ್ದರು: ಆ ಹೆಂಗಸನ್ನು ಅವಳ ಅತ್ತೆ ದಿನಾ ಹಂಗಿಸುತ್ತಾರೆ. ಆಗಷ್ಟೇ ಜ್ವರದಿಂದ ಎದ್ದವಳು, ಹುಷಾರಿಲ್ಲದ ಮೈಯಲ್ಲಿ ಕೊಟ್ಟಿಗೆಯ ಕೆಲಸ ತನ್ನಿಂದಾಗದೆಂದು ಗಂಡನನ್ನು ದರಕಿಗೆ ಕಳಿಸಿದಳು ಎಂದು. ಪಂಚಾಯಿತಿಯ ಸಾವಿನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಜ್ವರ’ ಎಂದಷ್ಟೇ ಬರೆದಿತ್ತು. ಅದನ್ನು ತಿದ್ದಿಸಿಕೊಡಿ ಎಂದು ಅವಳು ಅರ್ಜಿ ಕೊಟ್ಟಿದ್ದಳು. ರಕ್ತಪರೀಕ್ಷೆಯ ದಾಖಲೆ ತನ್ನಿ ಎಂದಿದ್ದರು. ಅವನ ರಕ್ತ ಯಾರೂ ತೆಗೆದೇ ಇರಲಿಲ್ಲ.

ಒಬ್ಬಳೇ ಹೋದೆ. ಅತ್ತೆ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಸೊಸೆ ಬಾಗಿಲಿನಲ್ಲಿ ನಿಂತಳು. ಕೂರಿ ಎಂದರು, ಕೂರಲಿಲ್ಲ.

“ನಿಮ್ಮ ಸೊಸೆಗೆ ಬಂದಿದ್ದು ಮಂಗನ ಕಾಯಿಲೆ,” ಎಂದೆ. “ಅವಳ ಸೀಸೆಗೆ ಬೇರೆಯವರ ನಂಬರ್ ಅಂಟಿಸಿದವಳು ನಾನು. ಮಾಮೂಲಿ ಜ್ವರ, ಹೆದರಬೇಡಿ ಅಂತ ಕಾರ್ಡ್ ಬರೆದವಳೂ ನಾನು. ಆ ಮಾತು ನಂಬಿ ಅವಳು ಗಂಡನ್ನ ಕಾಡಿಗೆ ಕಳಿಸಿದ್ದು. ತಪ್ಪು ನನ್ನದು, ಅವಳದಲ್ಲ.”

ಮುದುಕಿ ಅಕ್ಕಿಯಿಂದ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

“ನೀವು ಹೇಳಿದ್ದು ನಂಗೆ ಕೇಳ್ತು,” ಎಂದರು. “ಈಗ ನೀವ್ ಹೋಗಿ ಬಸ್ ಹತ್ತೀರಿ. ನಾಳೆ ನಾನೇ ಮರ್ತು ಮತ್ತೆ ಇವ್ಳಿಗೆ ಅಂತೀನಿ. ಮಗನ್ನ ಕಳ್ಕಂಡ ಹೊಟ್ಟೆ, ಯಾರಿಗಾರೂ ಒಬ್ರಿಗೆ ಅನ್ಬೇಕಲ.”

ಚೀಲದಿಂದ ಕಾಗದ ತೆಗೆದು, ಅವರ ಜಗಲಿಯ ಮೇಲೆಯೇ ಕೂತು, ಹೇಳಿದ್ದನ್ನೆಲ್ಲ ಬರೆದೆ. ನನ್ನ ಹೆಸರು, ಹುದ್ದೆ, ಊರು, ಸಹಿ. ಸೀಲು ಇರಲಿಲ್ಲ. ಯಾವ ಕಚೇರಿಯಲ್ಲೂ ಇದು ನಡೆಯುವುದಿಲ್ಲ ಎಂದು ಹೇಳಿಯೇ ಸೊಸೆಯ ಕೈಗೆ ಕೊಟ್ಟೆ. ಅವಳು ಒಮ್ಮೆ ಓದಿದಳು, ಮಡಚಿದಳು. ನನ್ನೊಡನೆ ಒಂದು ಮಾತೂ ಆಡಲಿಲ್ಲ. ಅವಳಿಂದ ಏನನ್ನಾದರೂ ಕೇಳಿಸಿಕೊಂಡು ಹೋಗಬೇಕೆಂದು ಬಂದಿದ್ದೆನೆಂಬುದು ವಾಪಸು ನಡೆಯುವಾಗಷ್ಟೇ ತಿಳಿಯಿತು.

ಎರಡು ವರ್ಷದ ಮೇಲೆ ನರ್ಸ್ ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಆ ಹೆಂಗಸು ತವರಿಗೆ ಹೋಗಿಬಿಟ್ಟಳಂತೆ, ಇನ್ನು ಬರುವುದಿಲ್ಲವಂತೆ.

“ಆ ಕಾಗದ ತಗೊಂಡು ಹೋದಳಾ?” ಎಂದು ಕೇಳಿದೆ.

“ಇಲ್ಲ,” ಎಂದರು ನರ್ಸ್. “ಅತ್ತೆ ತಲೆದಿಂಬಿನ ಕೆಳಗೆ ಇಟ್ಟು ಹೋದಳು. ಮರ್ತಾಗ ಯಾರ ಹತ್ರನಾದ್ರೂ ಓದ್ಸಿಕೊಳ್ಳಲಿ ಅಂದಳಂತೆ.”